ನಮ್ಮ ಹುಡುಗಿಯರು ಒದೆಯಲು ಕಲಿಯಬೇಕೇ?



ಕಳೆದ ತಿಂಗಳು ನಮ್ಮೂರ ಮಠದಲ್ಲಿ ಶರಣ ಸಂಗಮ ಮುಗಿಸಿ ಪ್ರಸಾದಕ್ಕೆ ಕೂತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಏನ್ರಿ ಇಂಜಿನಿಯರ್ ಸಾಹೇಬ್ರ, ನಿಮ್ಮ ಮೊಮ್ಮಗಳು ಬಿಳೀ ಅಂಗಿ ಹಾಕ್ಕೊಂಡು ಗಂಡಸರಂಗ ಕಾಲೆತ್ತಿ ಒದೀತಾಳಂತ. ನಮ್ಮ ಮನಿ ಹೆಣ್ಮಕ್ಕಳಿಗೆ ಇದೆಲ್ಲಾ ಬೇಕೇನ್ರಿ?" ಪ್ರಸಾದದ ತಟ್ಟೆಯ ಮುಂದೆ ವಾದ ಬೇಡವೆಂದು ನಾನು ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಯವರೆಗೂ ಬಂತು. ಅವರು ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ. ಅವರ ಮನೆಯಲ್ಲೂ ಇಬ್ಬರು ಮೊಮ್ಮಕ್ಕಳಿದ್ದಾರೆ. ಅವರಿಗೂ, ಅವರಂತೆ ಯೋಚಿಸುವ ಇತರರಿಗೂ ನನ್ನ ಉತ್ತರ ಇಲ್ಲಿದೆ.

ಬೇಕು. ಆದರೆ ಕೆಲವು ಕಟ್ಟುಪಾಡುಗಳ ಜೊತೆಗೆ ಬೇಕು. ಆ ಕಟ್ಟುಪಾಡುಗಳನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಸ್ವತಃ ತಪ್ಪು ಮಾಡಿ ಕಲಿತೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಈ ವಿದ್ಯೆ ಏನೆಂದು ನೋಡೋಣ. ಟೇಕ್ವಾಂಡೊ ಕೊರಿಯಾ ದೇಶದ್ದು. 'ಟೇ' ಎಂದರೆ ಪಾದ, 'ಕ್ವಾನ್' ಎಂದರೆ ಮುಷ್ಟಿ, 'ಡೊ' ಎಂದರೆ ದಾರಿ. ಬಹಳ ಜನ ಇದನ್ನು ಸಾವಿರಾರು ವರ್ಷ ಹಳೆಯದೆಂದು ತಿಳಿದಿದ್ದಾರೆ. ಆದರೆ ಆ ಹೆಸರು ಬಂದದ್ದು 1955ರಲ್ಲಿ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಬಿಡುಗಡೆಯಾದ ಮೇಲೆ ಅಲ್ಲಿ ಬೇರೆ ಬೇರೆ ಹೆಸರಿನ ಹಲವು ಶಾಲೆಗಳು ಹುಟ್ಟಿಕೊಂಡವು. ಅವುಗಳನ್ನು ನಡೆಸಿದವರಲ್ಲಿ ಹಲವರು ಜಪಾನಿನ ಕರಾಟೆ ಕಲಿತವರೇ. ಆ ಶಾಲೆಗಳೆಲ್ಲ ಜಗಳವಾಡುತ್ತಲೇ ಒಂದು ಹೆಸರಿಗೆ ಒಪ್ಪಿದವು, ಒಂದು ಪಠ್ಯಕ್ರಮ ಮಾಡಿಕೊಂಡವು. 1972ರಲ್ಲಿ ಸಿಯೋಲ್ ನಗರದಲ್ಲಿ ಕುಕ್ಕಿವಾನ್ ಎಂಬ ಕೇಂದ್ರ ಕಟ್ಟಡ ಎದ್ದಿತು. 1973ರಲ್ಲಿ ಅಲ್ಲೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಯಿತು, 2000ರ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಯಿತು. ಹೆಸರಿಟ್ಟ ನಲವತ್ತೈದೇ ವರ್ಷಕ್ಕೆ!

"ಇದು ಪರದೇಶದ ವಿದ್ಯೆ, ನಮ್ಮದು ಇರಲಿಲ್ಲವೇ?" ಎನ್ನುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ. ನಮ್ಮದೂ ಇತ್ತು. ಊರೂರಿಗೆ ಗರಡಿ ಮನೆ ಇತ್ತು, ಕುಸ್ತಿ ಇತ್ತು, ಮಲ್ಲಕಂಬ ಇತ್ತು, ದೊಣ್ಣೆ ವರಸೆ, ಕತ್ತಿ ವರಸೆ ಇದ್ದವು. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಜಾತ್ರೆಯ ಹಿಂದಿನ ರಾತ್ರಿ ಲಾಂದ್ರದ ಬೆಳಕಿನಲ್ಲಿ ಇಬ್ಬರು ಮುದುಕರು ದೊಣ್ಣೆ ತಿರುಗಿಸುತ್ತಿದ್ದರು. ದೊಣ್ಣೆ ಕಾಣುತ್ತಿರಲಿಲ್ಲ, ಅದರ ಸದ್ದು ಮಾತ್ರ ಕೇಳುತ್ತಿತ್ತು. ಅವರು ತೀರಿಕೊಂಡರು, ಅವರ ವರಸೆಯೂ ಅವರ ಜೊತೆ ಹೋಯಿತು. ಬರೆದಿಟ್ಟವರಿಲ್ಲ, ಪರೀಕ್ಷೆ ಇಲ್ಲ, ಒಂದು ಊರಿನ ಉಸ್ತಾದ ಇನ್ನೊಂದು ಊರಿನವನನ್ನು ಒಪ್ಪಲಿಲ್ಲ. ಇನ್ನೊಂದು ಮಾತೂ ಹೇಳಬೇಕು: ನಮ್ಮೂರ ಗರಡಿ ಮನೆಯ ಹೊಸ್ತಿಲನ್ನು ಹೆಣ್ಣುಮಕ್ಕಳು ತುಳಿಯುವಂತಿರಲಿಲ್ಲ. ಅರ್ಧ ಊರನ್ನು ಹೊರಗಿಟ್ಟ ವಿದ್ಯೆ ಎಷ್ಟು ದಿನ ಉಳಿದೀತು?

ಹೆಣ್ಣುಮಕ್ಕಳನ್ನು ಒಳಗೆ ಬಿಟ್ಟಲ್ಲಿ ಏನಾಯಿತು ಎನ್ನುವುದನ್ನೂ ನೋಡಿ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕಿಮಿಯಾ ಅಲಿಜಾದೆ ಎಂಬ ಹದಿಹರೆಯದ ಹುಡುಗಿ ಟೇಕ್ವಾಂಡೊದಲ್ಲಿ ಕಂಚು ಗೆದ್ದಳು. ಇರಾನಿನ ಹೆಣ್ಣುಮಗಳೊಬ್ಬಳು ಗೆದ್ದ ಮೊಟ್ಟಮೊದಲ ಒಲಿಂಪಿಕ್ ಪದಕ ಅದು. ನಮ್ಮ ಹರಿಯಾಣದ ಅರುಣಾ ತನ್ವರ್ ಕೈಯ ಊನವಿದ್ದರೂ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಹೋದಳು. ಪ್ಯಾರಾ ಟೇಕ್ವಾಂಡೊದಲ್ಲಿ ಅಲ್ಲಿ ಭಾರತದಿಂದ ನಿಂತ ಮೊದಲಿಗಳು ಅವಳೇ. ಪಕ್ಕದ ಕೇರಳದ ವಡಕರದಲ್ಲಿ ಕಳರಿಪಯಟ್ಟು ಕಲಿಸುವ ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಸೀರೆ ಕಟ್ಟಿಕೊಂಡೇ ಕತ್ತಿ ಹಿಡಿಯುತ್ತಾರೆ ಅವರು. ಒನಕೆ ಓಬವ್ವನ ಹೆಸರನ್ನು ಪ್ರತಿ ಭಾಷಣದಲ್ಲಿ ಹೇಳುವ ನಾವು ನಮ್ಮ ಮನೆಯ ಹುಡುಗಿಯ ಕೈಗೆ ಒಂದು ಕೋಲು ಕೊಡಲು ಹಿಂಜರಿಯುವುದು ಯಾವ ನ್ಯಾಯ?

ಇನ್ನು ನನ್ನ ತಪ್ಪಿನ ವಿಷಯ.

ಮೊಮ್ಮಗಳು ಹತ್ತನೇ ವಯಸ್ಸಿಗೆ ಈ ತರಗತಿಗೆ ಸೇರಿದಳು. ನಿವೃತ್ತನಾದ ನಾನೇ ಸ್ಕೂಟರ್ ಮೇಲೆ ಕರೆದೊಯ್ಯುತ್ತಿದ್ದೆ. ಕೂತು ನೋಡುತ್ತಾ ನನಗೂ ಹುಚ್ಚು ಹಿಡಿಯಿತು. ಇಂಜಿನಿಯರನಿಗೆ ಅದರಲ್ಲಿ ನೋಡುವುದು ಬೇಕಾದಷ್ಟಿದೆ. ಪಂದ್ಯದಲ್ಲಿ ಹಾಕುವ ಎದೆಗವಚದೊಳಗೆ ಪೆಟ್ಟಿನ ಬಲ ಅಳೆಯುವ ಸಂವೇದಕಗಳಿರುತ್ತವೆ, ಕಾಲುಚೀಲದಲ್ಲೂ ಇರುತ್ತವೆ. ಸರಿಯಾದ ಜಾಗಕ್ಕೆ, ಸಾಕಷ್ಟು ಬಲದಿಂದ ತಾಗಿದರೆ ಮಾತ್ರ ಅಂಕ ತಾನಾಗಿ ಪರದೆಯ ಮೇಲೆ ಬರುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಇಂಥ ಕವಚವೇ ಇತ್ತು. ಕವಚಕ್ಕೆ ಗುದ್ದಿದರೆ 1 ಅಂಕ, ಒದ್ದರೆ 2, ತಲೆಗೆ ಒದ್ದರೆ 3, ಮೈ ತಿರುಗಿಸಿ ಒದ್ದರೆ ಇನ್ನೂ ಹೆಚ್ಚು. ಎರಡೆರಡು ನಿಮಿಷದ ಮೂರು ಸುತ್ತು. ಎರಡು ಸುತ್ತು ಗೆದ್ದವರಿಗೆ ಪಂದ್ಯ. ಇದನ್ನೆಲ್ಲ ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದೆ. ಹುಡುಗಿಯ ಆಟ ನಿಧಾನವಾಗಿ ನನ್ನ ಪ್ರಾಜೆಕ್ಟ್ ಆಗಿಹೋಯಿತು.

ಅವಳಿಗೆ ಹದಿನಾರು ತುಂಬಿದ ವರ್ಷ. ಜೂನಿಯರ್ ಹುಡುಗಿಯರಲ್ಲಿ 46 ಕೆ.ಜಿ. ಒಳಗೊಂದು ವಿಭಾಗ, 49 ಕೆ.ಜಿ. ಒಳಗೊಂದು ವಿಭಾಗ. ಅವಳ ತೂಕ 47.4. ಕೆಳಗಿನ ವಿಭಾಗದಲ್ಲಿ ನಿಂತರೆ ತನಗಿಂತ ಸಣ್ಣವರು ಎದುರಿಗೆ ಸಿಗುತ್ತಾರೆ ಎಂದು ನಾನು ಲೆಕ್ಕ ಹಾಕಿದೆ. 1.4 ಕೆ.ಜಿ. ಎಂದರೆ ಶೇಕಡಾ ಮೂರು, ಅಷ್ಟೇ! ತರಬೇತುದಾರರು "ಬೇಡ ಸರ್, ಇದ್ದ ತೂಕಕ್ಕೇ ಆಡಲಿ" ಅಂದರು. ನಾನು ಕೇಳಲಿಲ್ಲ. ಐದು ದಿನ ರಾತ್ರಿ ರೊಟ್ಟಿ ಬಿಡಿಸಿದೆ. ಕೊನೆಯ ದಿನ ನೀರನ್ನೂ ಅಳೆದು ಕೊಟ್ಟೆ. ಮೇ ತಿಂಗಳ ಬಿಸಿಲಿನಲ್ಲಿ ಸ್ವೆಟರ್ ಹಾಕಿಸಿ ಓಡಿಸಿದೆ. ಅವಳ ಅಜ್ಜಿ ನನ್ನ ಜೊತೆ ಮಾತು ಬಿಟ್ಟಳು. ತೂಕದ ಯಂತ್ರ 45.9 ತೋರಿಸಿದಾಗ ನಾನು ಗೆದ್ದವನಂತೆ ನಕ್ಕೆ.

ಮರುದಿನ ಪಂದ್ಯ. ಎರಡನೇ ಸುತ್ತಿನಲ್ಲಿ ಎದುರಾಳಿಯ ಕಾಲು ಎದ್ದಿತು. ನನ್ನ ಮೊಮ್ಮಗಳು ಅಂಥ ನೂರು ಒದೆತಗಳಿಂದ ತಪ್ಪಿಸಿಕೊಂಡದ್ದನ್ನು ನಾನೇ ನೋಡಿದ್ದೆ. ಅಂದು ಅವಳ ಕಣ್ಣು ನೋಡಿತು, ಮೈ ಅಲ್ಲಾಡಲಿಲ್ಲ. ಒದೆತ ಕಿವಿಯ ಮೇಲೆ ಬಿತ್ತು. ರೆಫರಿ ಕೊರಿಯನ್ ಭಾಷೆಯಲ್ಲಿ ಎಣಿಸತೊಡಗಿದರು: ಹಾನಾ, ದೂಲ್, ಸೆತ್... ಅವಳು ಎದ್ದು ನಿಂತಳು, ಆದರೆ ನಮ್ಮ ಕಡೆಯ ಮೂಲೆ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ಪಂದ್ಯ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಮಿದುಳಿಗೆ ಅಲುಗಾಟವಾಗಿದೆ, ಒಂದು ತಿಂಗಳು ಆಟದ ಮಾತೆತ್ತಬೇಡಿ ಎಂದರು. ನೀರು ಕಡಿಮೆಯಾದ ದೇಹದಲ್ಲಿ ಚುರುಕು ಉಳಿಯುವುದಿಲ್ಲ ಎಂದು ಅವರು ಹೇಳುವಾಗ ನಾನು ನೆಲ ನೋಡುತ್ತಿದ್ದೆ. ಎರಡು ದಿನದ ಮೇಲೆ ಅವಳು ನನ್ನನ್ನು ಕೇಳಿದಳು: "ಅಜ್ಜಾ, ನಾ ಸೋತದ್ದಕ್ಕ ನಿಮಗ ಬ್ಯಾಸರ ಆತೇನ?"

ನಾನು ಮೂವತ್ತನಾಲ್ಕು ವರ್ಷ ಸರ್ಕಾರದ ಕೆಲಸದಲ್ಲಿ ಕಾಲುವೆ, ಸೇತುವೆ ಕಟ್ಟಿಸಿದವನು. ಹತ್ತು ಟನ್ ಹೊರುವ ತೊಲೆಯ ಮೇಲೆ ಹತ್ತು ಟನ್ ಹೇರುವುದಿಲ್ಲ. ಫ್ಯಾಕ್ಟರ್ ಆಫ್ ಸೇಫ್ಟಿ ಎಂದು ಒಂದಿಷ್ಟು ಬಿಡುತ್ತೇವೆ. ಸಿಮೆಂಟಿಗೆ ಕೊಟ್ಟ ಆ ಮರ್ಯಾದೆಯನ್ನು ಮೊಮ್ಮಗಳ ಮೈಗೆ ನಾನು ಕೊಡಲಿಲ್ಲ. ಹಿರಿಯರಾದ ನಾವು ಮಕ್ಕಳ ಪದಕವನ್ನು ನಮ್ಮ ಎದೆಗೆ ತೂಗಿಕೊಳ್ಳಲು ಹೊರಟಾಗ ಇದೇ ಆಗುವುದು. ಹಾಗಾಗಿ ನನ್ನ ಮೊದಲ ಕಟ್ಟುಪಾಡು: ಬೆಳೆಯುವ ಮಕ್ಕಳ ತೂಕವನ್ನು ಪಂದ್ಯಕ್ಕಾಗಿ ಇಳಿಸಕೂಡದು. ಇದ್ದ ತೂಕಕ್ಕೆ ಯಾವ ವಿಭಾಗವೋ ಅದರಲ್ಲಿ ಆಡಲಿ. ತಲೆಗೆ ಪೆಟ್ಟಾದರೆ ಡಾಕ್ಟರು ಹೇಳುವವರೆಗೆ ಅಖಾಡಕ್ಕೆ ಕಾಲಿಡಕೂಡದು.

ಎರಡನೆಯದು ಬೆಲ್ಟಿನ ವಿಷಯ. ಬಿಳಿಯಿಂದ ಕಪ್ಪಿನವರೆಗೆ ಹೋಗುವ ಬೆಲ್ಟುಗಳನ್ನು ಈಗ ಕೆಲವರು ಅಂಗಡಿಯ ಸಾಮಾನಿನಂತೆ ಮಾರುತ್ತಿದ್ದಾರೆ. ಪರೀಕ್ಷೆಯ ಶುಲ್ಕ ಕಟ್ಟಿದವರೆಲ್ಲ ಪಾಸು! ಕುಕ್ಕಿವಾನ್ ಕೊಡುವ ಕಪ್ಪು ಬೆಲ್ಟಿನ ದರ್ಜೆಗೆ 'ಡಾನ್' ಎನ್ನುತ್ತಾರೆ. ಹದಿನೈದರೊಳಗಿನ ಮಕ್ಕಳಿಗೆ ಡಾನ್ ಬದಲು 'ಪೂಮ್' ಕೊಡುತ್ತಾರೆ. ಪ್ರಮಾಣಪತ್ರದ ಮೇಲೆ ಸಂಖ್ಯೆ ಇರುತ್ತದೆ, ಅದನ್ನು ಪರಿಶೀಲಿಸಬಹುದು. ಕಲಿಸುವವರ ಪ್ರಮಾಣಪತ್ರ ಕೇಳಿ ನೋಡುವುದು ಅವಮಾನವಲ್ಲ. ಕಂಟ್ರಾಕ್ಟರನ ಲೈಸೆನ್ಸ್ ನೋಡದೆ ಮನೆ ಕಟ್ಟಿಸುತ್ತೇವೆಯೇ?

ಮೂರನೆಯದು ಆಯುಧಗಳು. ಟೇಕ್ವಾಂಡೊ ಹೆಸರೇ ಹೇಳುವಂತೆ ಅದು ಕೈಕಾಲಿನ ವಿದ್ಯೆ, ಒಲಿಂಪಿಕ್ ಪಂದ್ಯದಲ್ಲಿ ಆಯುಧವಿಲ್ಲ. ಆದರೂ ಎಷ್ಟೋ ತರಗತಿಗಳಲ್ಲಿ ಕೋಲು, ನಾನ್‌ಚಾಕು ಕಲಿಸುತ್ತಾರೆ, ಅವುಗಳ ಪಂದ್ಯಗಳೂ ನಡೆಯುತ್ತವೆ. ಸರಪಳಿಯಿಂದ ಕೂಡಿಸಿದ ಎರಡು ತುಂಡು ಕೋಲಿನ ನಾನ್‌ಚಾಕು ಜಪಾನಿನ ಓಕಿನಾವಾ ದ್ವೀಪದ ಕಡೆಯದು. ಸಿನಿಮಾ ನೋಡಿದ ಹುಡುಗರು ಮೊದಲ ದಿನವೇ ಅದನ್ನು ಕೇಳುತ್ತಾರೆ. ಅದು ಲೋಲಕದ ತುದಿಗೆ ಇನ್ನೊಂದು ಲೋಲಕ ಕಟ್ಟಿದಂತೆ. ಸ್ವಲ್ಪ ಕೈ ತಪ್ಪಿದರೆ ತುದಿ ಎತ್ತ ಬರುತ್ತದೆಂದು ಹೇಳಲಾಗದು, ಹೆಚ್ಚಾಗಿ ಬರುವುದು ತಿರುಗಿಸುವವನ ಮೊಣಕೈಗೆ, ಹಣೆಗೆ. ಕೋಲಿನದೂ ಹಾಗೆಯೇ. ತುದಿಯ ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮೊದಲ ವರ್ಷ ಸ್ಪಂಜು ಸುತ್ತಿದ್ದೇ ಇರಲಿ, ಆಮೇಲೆ ಬೆತ್ತ. ಹರಿತದ ಮಾತು ಮಕ್ಕಳ ಹತ್ತಿರ ಬೇಡವೇ ಬೇಡ. ಕಳರಿಯಲ್ಲಿ ಈ ಕ್ರಮ ಮೊದಲಿನಿಂದ ಇದೆ: ಮೊದಲು ಮೈಯ ವ್ಯಾಯಾಮ, ಆಮೇಲೆ ಮರದ ಆಯುಧ, ಆಮೇಲೆ ಲೋಹದ್ದು, ಕೊನೆಗೆ ಬರಿಗೈ. ಅವಸರ ಮಾಡಿದವನಿಗೆ ಅಲ್ಲಿ ಕತ್ತಿ ಸಿಗುವುದಿಲ್ಲ.

ಕೋಲು ಕಲಿಸುವುದಾದರೆ ನಮ್ಮ ದೊಣ್ಣೆ ವರಸೆಯನ್ನೇ ಯಾಕೆ ಕಲಿಸಬಾರದು? ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ತಾಂಗ್-ತಾ, ಮಲ್ಲಕಂಬ ಇವು 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿದವು. ಅವರವರ ಜನ ನಿಯಮ ಬರೆದರು, ಮಕ್ಕಳನ್ನು ತಯಾರು ಮಾಡಿದರು. ನಮ್ಮ ಹಳ್ಳಿಗಳಲ್ಲಿ ಇನ್ನೂ ಒಬ್ಬಿಬ್ಬರು ವರಸೆ ಬಲ್ಲ ಹಿರಿಯರು ಬದುಕಿದ್ದಾರೆ. ಅವರು ಇರುವಾಗಲೇ ವಿಡಿಯೊ ಮಾಡಿ, ಹೆಜ್ಜೆ ಹೆಜ್ಜೆಯಾಗಿ ಬರೆದಿಡಬೇಕು. ಕೊರಿಯಾದವರು ಮಾಡಿದ್ದು ಇಷ್ಟೇ.

ನಾಲ್ಕನೆಯದು, ಹುಡುಗಿಯರಿಗೆ ಸುಳ್ಳು ಧೈರ್ಯ ಕೊಡಬಾರದು. ಟೇಕ್ವಾಂಡೊ ಪಂದ್ಯದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಸೊಂಟದ ಕೆಳಗೆ ಒದೆಯುವಂತಿಲ್ಲ, ಹಿಡಿದೆಳೆಯುವಂತಿಲ್ಲ. ಬೀದಿಯಲ್ಲಿ ಕೈ ಹಾಕುವವನು ಈ ನಿಯಮ ಓದಿರುವುದಿಲ್ಲ. ಪದಕ ಗೆದ್ದವಳಿಗೂ ಮೊದಲ ಪಾಠ ಕೂಗುವುದು, ಓಡುವುದು, 112ಕ್ಕೆ ಕರೆ ಮಾಡುವುದು, ಮನೆಗೆ ಬಂದು ಹೇಳುವುದು. ಆರು ವರ್ಷದ ಅಭ್ಯಾಸ ನನ್ನ ಮೊಮ್ಮಗಳಿಗೆ ಕೊಟ್ಟದ್ದರಲ್ಲಿ ನನಗೆ ದೊಡ್ಡದೆನಿಸಿದ್ದು ಈ ಕೊನೆಯದೇ. ಬಸ್ಸಿನಲ್ಲಿ ಒಬ್ಬ ಕೆಟ್ಟದಾಗಿ ನಡೆದುಕೊಂಡಾಗ ಅವಳು ಒದೆಯಲಿಲ್ಲ. ಗಟ್ಟಿ ದನಿಯಲ್ಲಿ ಕಂಡಕ್ಟರನನ್ನು ಕರೆದಳು, ಸಂಜೆ ನಮಗೆಲ್ಲ ಹೇಳಿದಳು. ಅವಳ ಅಮ್ಮ ಅದೇ ವಯಸ್ಸಿನಲ್ಲಿ ಇಂಥದ್ದನ್ನು ಯಾರಿಗೂ ಹೇಳಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಸಂಜೆ. ಹೇಳಿದರೆ ಅಪ್ಪ ಕಾಲೇಜು ಬಿಡಿಸುತ್ತಾರೆಂಬ ಭಯವಂತೆ. ಆ ಅಪ್ಪ ನಾನೇ.

ಒಂದು ಸಣ್ಣ ವಿಷಯ. ಪಂದ್ಯದಲ್ಲಿ ಸರ, ಬಳೆ, ಗಟ್ಟಿ ವಸ್ತು ಯಾವುದನ್ನೂ ಮೈಮೇಲೆ ಇಟ್ಟುಕೊಳ್ಳುವಂತಿಲ್ಲ. ಬೆಳ್ಳಿಯ ಕರಡಿಗೆಯ ಗತಿ ಏನು ಎಂದು ನಮ್ಮ ಮನೆಯವರು ಬಹಳ ಚಿಂತೆ ಮಾಡಿದರು. ಮೊಮ್ಮಗಳೇ ದಾರಿ ಕಂಡುಕೊಂಡಳು. ಅಖಾಡಕ್ಕೆ ಇಳಿಯುವ ಮೊದಲು ಅಜ್ಜಿಯ ಕೈಗೆ ಕೊಡುತ್ತಾಳೆ, ಇಳಿದು ಬಂದ ಕೂಡಲೇ ಧರಿಸಿಕೊಳ್ಳುತ್ತಾಳೆ. ಅಷ್ಟು ಹೊತ್ತೂ ಅಜ್ಜಿ ಅದನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡು ಕೂತಿರುತ್ತಾಳೆ. ಪಂದ್ಯವನ್ನು ಅವಳು ಈವರೆಗೆ ಒಂದನ್ನೂ ನೋಡಿಲ್ಲ!

ಈಗ ಮಠಗಳಿಗೆ, ಸಂಘ ಸಂಸ್ಥೆಗಳಿಗೆ ನನ್ನ ವಿನಂತಿ. ನಮ್ಮಲ್ಲಿ ಶಾಲೆಗಳಿವೆ, ಪ್ರಸಾದ ನಿಲಯಗಳಿವೆ. ದೊಡ್ಡ ದೊಡ್ಡ ಸಭಾಭವನಗಳಿವೆ. ಮದುವೆ ಇಲ್ಲದ ದಿನ ಅವು ಬೀಗ ಹಾಕಿಕೊಂಡೇ ಇರುತ್ತವೆ. ವಾರಕ್ಕೆ ಮೂರು ಸಂಜೆ ಅವುಗಳನ್ನು ಈ ವಿದ್ಯೆಗೆ ಬಿಟ್ಟುಕೊಡಿ. ನೆಲಕ್ಕೆ ಹಾಸುವ ಮ್ಯಾಟ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಹುಡುಗಿಯರಿಗೆ ಸಾಧ್ಯವಾದಷ್ಟು ಹೆಣ್ಣುಮಕ್ಕಳೇ ಕಲಿಸಲಿ. ಇಲ್ಲವಾದರೆ ತಾಯಂದಿರಲ್ಲಿ ಒಬ್ಬರು ಕೂತಿರಲಿ. ಕೂಲಿ ಮಾಡುವವರ ಮಗಳೂ ಅದೇ ಸಾಲಿನಲ್ಲಿ ನಿಲ್ಲಲಿ, ಅವಳಿಂದ ಶುಲ್ಕ ಬೇಡ. ವಯಸ್ಸಾದವರೂ ಬರಬಹುದು: ಎದುರಾಳಿ ಇಲ್ಲದೆ ಒಬ್ಬರೇ ಮಾಡುವ 'ಪೂಮ್ಸೆ' ಎಂಬ ವರಸೆಗಳ ವಿಶ್ವ ಸ್ಪರ್ಧೆಯಲ್ಲಿ 65 ದಾಟಿದವರಿಗೂ ವಿಭಾಗವಿದೆ. ನಾನು ಮಾಳಿಗೆಯ ಮೇಲೆ ಮೊದಲ ವರಸೆ ಕಲಿತಿದ್ದೇನೆ, ಮಂಡಿ ನೋವಿನ ಜೊತೆಗೇ.

ಮೊಮ್ಮಗಳು ಈಗ 49ರ ವಿಭಾಗದಲ್ಲಿ ಆಡುತ್ತಾಳೆ. ಹೋದ ಸಲ ಎರಡನೇ ಪಂದ್ಯದಲ್ಲೇ ಸೋತಳು. ಸೋತು ಬಂದವಳು ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದಳು, ಗೆದ್ದ ಹುಡುಗಿಯನ್ನೂ ಕರೆದು ಶೇಂಗಾ ಹೋಳಿಗೆ ಕೊಟ್ಟಳು. ನಾನು ನೋಟ್ ಪುಸ್ತಕ ಒಯ್ದಿರಲಿಲ್ಲ.

ಪ್ರಸಾದದ ಸಾಲಿನಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಕೊನೆಯ ಮಾತು: ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅದೇ ಭವನದಲ್ಲಿ ತರಗತಿ ಶುರುವಾಗುತ್ತಿದೆ. ಬೀಗದ ಕೈ ನನ್ನ ಹತ್ತಿರ ಇದೆ. ನಿಮ್ಮ ಇಬ್ಬರೂ ಮೊಮ್ಮಕ್ಕಳನ್ನು ಕರೆದುಕೊಂಡು ಬನ್ನಿ, ನೀವೂ ಕೂತು ನೋಡಿ. ಬೇಕೋ ಬೇಡವೋ ಆಮೇಲೆ ಹೇಳಿ.