ತಮಾಷೆಯ ಮೂರನೆಯವನು

“ತಮಾಷೆಗೆ ಹೇಳಿದರೆ ಕೋಪವೇಕಯ್ಯಾ?” ಈ ಒಂದು ಮಾತಿನ ಮರೆಯಲ್ಲಿ ನಾವು ಎಷ್ಟು ಜನರ ಮನಸ್ಸನ್ನು ನೋಯಿಸಿದ್ದೇವೆಯೋ ಲೆಕ್ಕವಿಲ್ಲ. ಮೊನ್ನೆ ಒಂದು ಹಾಸ್ಯಸಂಜೆಯಲ್ಲಿ ಭಾಷಣಕಾರರೊಬ್ಬರು, ತೊದಲುವವನೊಬ್ಬ ಬಸ್ಸಿನಲ್ಲಿ ಟಿಕೆಟ್ ಕೇಳುವ ಬಗೆಯನ್ನು ಅಭಿನಯಿಸಿ ತೋರಿಸಿದರು. ಸಭಿಕರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ತಲೆ ತಗ್ಗಿಸಿದ. ಅವನ ತಂದೆ ಮೆಲ್ಲಗೆ ಕೈ ಹಿಡಿದು ಅವನನ್ನು ಹೊರಗೆ ಕರೆದೊಯ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ!

ನಗು ತಾನಾಗಿ ಬರುವಂಥದು, ಅದಕ್ಕೆ ಪಾಪಪುಣ್ಯಗಳ ಲೇಪವಿಲ್ಲ ಎಂದು ವಾದಿಸುವವರುಂಟು. ನಾನು ಒಪ್ಪಲಾರೆ. ಪರರ ಕುಂದನ್ನು ಕಂಡು, ‘ನಾನು ಇವನಿಗಿಂತ ಮೇಲು’ ಎಂದು ಥಟ್ಟನೆ ಉಬ್ಬುವುದೇ ನಗುವಿನ ಮೂಲವೆಂದು ಹಾಬ್ಸ್ 1651ರಲ್ಲೇ ಬರೆದ. ಎಲ್ಲ ನಗುವಿಗೂ ಇದು ಸಲ್ಲದು. ಆ ಸಂಜೆಯ ನಗುವಿಗಂತೂ ಸಲ್ಲುತ್ತದೆ. 1905ರಲ್ಲಿ ಫ್ರಾಯ್ಡ್ ಇನ್ನೂ ಮುಂದೆ ಹೋದ. ಚುಚ್ಚುವ ಹಾಸ್ಯಕ್ಕೆ ಮೂವರು ಬೇಕು: ಹೇಳುವವನು, ಗುರಿಯಾಗುವವನು, ಕೇಳಿ ನಗುವವನು. ಈ ಮೂರನೆಯವನಿಗೆ ನಗುವಿನ ಸುಖವನ್ನೇ ಲಂಚವಾಗಿ ಕೊಟ್ಟು ತನ್ನ ಪಕ್ಷಕ್ಕೆ ಸೆಳೆದುಕೊಳ್ಳುವುದು ಹೇಳುವವನ ಜಾಣತನ. ಲಂಚ ಕೊಟ್ಟವನಷ್ಟೇ ತಪ್ಪಿತಸ್ಥನೇ? ತೆಗೆದುಕೊಂಡವನು ಸಾಚಾ ಮನುಷ್ಯನೇ?

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್, ಜನ ನಕ್ಕ 1,200 ಸಂದರ್ಭಗಳನ್ನು ಬೀದಿ, ಅಂಗಡಿಗಳಲ್ಲಿ ಗುರುತಿಸಿಕೊಂಡು 1993ರಲ್ಲಿ ಪ್ರಕಟಿಸಿದರು. ನಗೆಹನಿ ಎನ್ನಬಹುದಾದ ಮಾತಿಗೆ ಹುಟ್ಟಿದ ನಗು ಅವುಗಳಲ್ಲಿ ಶೇಕಡಾ 20ನ್ನೂ ಮುಟ್ಟಲಿಲ್ಲ. ಉಳಿದುದೆಲ್ಲ “ಸರಿ, ಆಮೇಲೆ ಸಿಗೋಣ” ಎಂಬಂಥ ಸಪ್ಪೆ ಮಾತುಗಳಿಗೇ. ‘ನಾನು ನಿಮ್ಮವನು’ ಎಂದು ತಿಳಿಸುವುದಕ್ಕೇ ನಾವು ಹೆಚ್ಚಾಗಿ ನಗುತ್ತೇವೆ ಎಂದಾಯಿತು. ಹಾಗಾದರೆ ಆ ಸಭೆಯಲ್ಲಿ ನಾನು ಯಾರವನಾದೆ? ಹುಡುಗನವನಂತೂ ಆಗಲಿಲ್ಲ.

“ಹಾಗಾದರೆ ಎಲ್ಲರೂ ಮುಖ ಗಂಟಿಕ್ಕಿ ಕೂರಬೇಕೇ?” ಎಂದು ಕೇಳಬಹುದು. ಬೇಕಿಲ್ಲ. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ 25 ವರ್ಷ ಕನ್ನಡಿಗರನ್ನು ನಗಿಸಿತು. ಅಧಿಕಾರದ ಠೀವಿಯನ್ನೂ ನಮ್ಮ ನಿಮ್ಮಂಥ ಮಧ್ಯಮವರ್ಗದವರ ಸೋಗನ್ನೂ ಅದು ಕೆಣಕಿತು. ಸೋಗನ್ನು ಬಿಡಬಹುದು, ತೊದಲನ್ನು ಆ ಹುಡುಗ ಎಲ್ಲಿ ಬಿಟ್ಟುಬರಬೇಕು?

ಮುಂದಿನ ಸಲ ಅಂಥ ಮಾತು ಬಂದಾಗ ನಾವು ಜಗಳಕ್ಕೆ ಏಳಬೇಕಾಗಿಲ್ಲ. ನಗದೆ ಕುಳಿತರೆ ಸಾಕು. ಒಂದು ಸಭೆಯಲ್ಲಿ ನಗು ಗಿಟ್ಟದ ತಮಾಷೆಯನ್ನು ಯಾವ ಭಾಷಣಕಾರರೂ ಇನ್ನೊಂದು ಸಭೆಗೆ ಹೊತ್ತುಕೊಂಡು ಹೋಗುವುದಿಲ್ಲ.