ವಿಶ್ವವಿದ್ಯಾಲಯ ಹತ್ತಿರ ಬಂತು, ಓದುವ ಮೇಜು ಬರಲಿಲ್ಲ

ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಮಸ್ಕಿ, ಲಿಂಗಸುಗೂರು ಕಡೆ ಬಸ್ಸಿಗೆ ಕಾಯುವ ಕಾಲೇಜು ಹುಡುಗ ಹುಡುಗಿಯರನ್ನು ಅಂಗಡಿಕಾರರು ದಿನಾ ನೋಡುತ್ತಾರೆ. ಕೈಯಲ್ಲಿ ನೋಟ್ಸ್, ಪಕ್ಕದಲ್ಲಿ ಯಾರದೋ ಗೊಬ್ಬರದ ಚೀಲ. ಇವರ ವಾಚನಾಲಯ ಅಂದರೆ ಇದೇ.

ಹಾಗಾದರೆ ಇವರಿಂದ ಪರೀಕ್ಷಾ ಫೀ ತೆಗೆದುಕೊಳ್ಳುವ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯ ಇಲ್ಲವೇನ್ರೀ? ಇದೆ. ರಾಯಚೂರು ದಾಟಿ ಯರಗೇರಾದಲ್ಲಿ. ಲಿಂಗಸುಗೂರಿನ ಹುಡುಗ ಹೋಗಿ ಬರ್ಬೇಕಂದ್ರ ಹಗಲೆಲ್ಲಾ ಬಸ್ಸಿನಾಗ ಕಳೀತದ.

1980ರ ತನಕ ನಮ್ಮ ಕಾಲೇಜುಗಳಿಗೆ ಧಾರವಾಡವೇ ಗತಿ. ಆ ವರ್ಷ ಗುಲ್ಬರ್ಗಾ ವಿಶ್ವವಿದ್ಯಾಲಯ ಬಂತು. 2021ರ ಸುಮಾರಿಗೆ ರಾಯಚೂರು, ಯಾದಗಿರಿ ಜಿಲ್ಲೆಗಳಿಗೆ ರಾಯಚೂರಿನಲ್ಲೇ ಬೇರೆ ವಿಶ್ವವಿದ್ಯಾಲಯವಾಯಿತು. ಕಚೇರಿ ಹತ್ತಿರ ಬಂತು, ಸೀಲು ಹತ್ತಿರ ಬಂತು. ಮೇಜು, ಕುರ್ಚಿ, ಫ್ಯಾನು ಬರಲಿಲ್ಲ. 371(ಜೆ) ನಮ್ಮ ಭಾಗದವರಿಗೆ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಟ್ಟಿತು. ಅದಕ್ಕಾಗಿ ಕೂತು ಓದಲು ಜಾಗ ಯಾರು ಕೊಡಬೇಕು?

'ಎಲ್ಲಾ ಮೊಬೈಲಿನಲ್ಲೇ ಸಿಗುತ್ತದಲ್ಲ' ಅನ್ನುವ ದೊಡ್ಡವರಿದ್ದಾರೆ. ಪುಸ್ತಕ ಸಿಗುತ್ತದೆ ಸ್ವಾಮಿ, ಒಪ್ಪಿದೆವು. ಒಂದೇ ಕೋಣೆಯ ಮನೆಯಲ್ಲಿ ಐದು ಮಂದಿ, ಮೇಲೆ ಟೀವಿ. ಕೂರುವ ಜಾಗ ಮೊಬೈಲಿನಲ್ಲಿ ಬರುವುದಿಲ್ಲ.

ನಾವು ಕೇಳುವುದು ಇಷ್ಟೇ. ಮೂರೂ ಊರುಗಳಲ್ಲಿ ವಿಶ್ವವಿದ್ಯಾಲಯದ ಒಂದೊಂದು ಓದುವ ಮನೆ ಆಗಲಿ. ಅಲ್ಲಿ ಮೇಷ್ಟ್ರಿಗೆ ಬೇರೆ ಕೋಣೆ, ಹುಡುಗರಿಗೆ ಬೇರೆ ಬೆಂಚು ಬೇಡ. ಎಷ್ಟೋ ಅತಿಥಿ ಉಪನ್ಯಾಸಕರು ಪಾಠ ಮುಗಿಸಿ ಇದೇ ಹುಡುಗರ ಜತೆ ಬಸ್ಸಿಗೆ ನಿಲ್ಲುತ್ತಾರೆ, ಅವರಿಗೂ ಕೂತು ನಾಳೆಯ ಪಾಠ ನೋಡಲು ಜಾಗವಿಲ್ಲ. ಒಂದೇ ಮೇಜಿಗೆ ಕೂತರೆ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಅಲ್ಲಾದರೂ ಒಂದು ಪ್ರಶ್ನೆ ಕೇಳುತ್ತಾಳೆ. ಗೋಡೆ ಬೇಕಾದದ್ದು ಬೇರೆ ಕಡೆ: ಗುಂಪಾಗಿ ಮಾತಾಡಿ ಓದುವವರಿಗೆ ಒಂದು ಕೋಣೆ, ಸುಮ್ಮನೆ ಓದುವವರಿಗೆ ಒಂದು ಕೋಣೆ.

ದುಡ್ಡೆಲ್ಲಿ ಅಂತೀರಾ? ಅಂಗಡಿಕಾರರೇ, ನಿಮ್ಮ ಕಟ್ಟಡ ತೆರಿಗೆ ರಸೀದಿ ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಲೈಬ್ರರಿ ಸೆಸ್ಸು ನೀವೇ ಕಟ್ಟುತ್ತಿದ್ದೀರಿ. ಅದು ಸಾರ್ವಜನಿಕ ಗ್ರಂಥಾಲಯದ ಹಣ, ವಿಶ್ವವಿದ್ಯಾಲಯದ್ದಲ್ಲ ನಿಜ. ಆದರೆ ಊರ ಗ್ರಂಥಾಲಯಕ್ಕೆ ಸೂರು ಇದೆ, ವಿಶ್ವವಿದ್ಯಾಲಯದ ಹತ್ತಿರ ಪಠ್ಯದ ಪುಸ್ತಕ ಇವೆ. ಒಂದು ಕಡೆಯ ಸೂರಿನಡಿ ಇನ್ನೊಂದು ಕಡೆಯ ಪುಸ್ತಕ ಇಡಲು ಯಾವ ಪಂಚಾಂಗ ನೋಡಬೇಕು? ಪುರಸಭೆ, ನಗರಸಭೆಗಳು ವಸೂಲಾದ ಸೆಸ್ಸನ್ನು ತಡಮಾಡದೆ ಗ್ರಂಥಾಲಯಕ್ಕೆ ದಾಟಿಸಿದರೆ ಸಂಜೆ ಪಾಳಿಗೊಬ್ಬ ಸಿಬ್ಬಂದಿ ಇಡುವುದು ಭಾರವಾಗದು.

ಗ್ರಂಥಾಲಯ ಶಾಸ್ತ್ರದ ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಅವರ ಕಾಲದಲ್ಲೇ, 1931ರಲ್ಲಿ, ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿಕೊಂಡು ಹಳ್ಳಿಗೆ ಹೋದರು. ನಮ್ಮಲ್ಲಿ ದಿನಕ್ಕೆ ಎಷ್ಟು ಬಸ್ಸು ರಾಯಚೂರಿನಿಂದ ಬರುತ್ತವೆ, ಲೆಕ್ಕ ಹಾಕಿ. ಒಂದು ಪುಸ್ತಕದ ಪೆಟ್ಟಿಗೆ ಅದರಲ್ಲಿ ಬರಲಾರದೇ?

ಕುಲಪತಿಗಳು ಒಮ್ಮೆ ಸಿಂಧನೂರಿಗೆ ಬಸ್ಸಿನಲ್ಲೇ ಬರಲಿ. ಮೊದಲು ಸಿಂಧನೂರಿನಲ್ಲಿ ಶುರುವಾಗಲಿ, ಮಸ್ಕಿ, ಲಿಂಗಸುಗೂರು ಆರು ತಿಂಗಳು ಕಾಯುತ್ತವೆ. ಆದರೆ ಬಾಗಿಲು ಹಾಕುವ ಹೊತ್ತನ್ನು ಐದು ಗಂಟೆ ಅಂತ ಬೋರ್ಡು ಬರೆಸುವ ಮುಂಚೆ ಡಿಪೋದವರನ್ನು ಕೇಳಿ, ಕೊನೇ ಬಸ್ಸು ಎಷ್ಟಕ್ಕೆ ಅಂತ.