ಸೋಲಿಗಂಜಿದ ಸಿರಿವಂತರು

2021ನೆಯ ಇಸವಿ ಏಪ್ರಿಲ್ 18ರಂದು ಇಂಗ್ಲೆಂಡ್, ಸ್ಪೇನ್, ಇಟಲಿಗಳ ಹನ್ನೆರಡು ಧನಿಕ ಕಾಲ್ಚೆಂಡಿನ ಕ್ಲಬ್ಬುಗಳು 'ಸೂಪರ್ ಲೀಗ್' ಎಂಬ ಪ್ರತ್ಯೇಕ ಕೂಟವನ್ನು ಸಾರಿದುವು. ಇಪ್ಪತ್ತು ಸ್ಥಾನಗಳಲ್ಲಿ ಹದಿನೈದು ಸ್ಥಾಪಕರಿಗೆ ಶಾಶ್ವತವಂತೆ. ಎಷ್ಟು ಸೋತರೂ ಪದಚ್ಯುತಿಯಿಲ್ಲ! ಇದು ಆಟವೋ ಜಹಗೀರಿಯೋ ನಾವರಿಯೆವು. 2016ರಲ್ಲಿ ಲೆಸ್ಟರ್ ನಗರದ ತಂಡವು ಇಂಗ್ಲೆಂಡಿನ ಘಟಾನುಘಟಿಗಳನ್ನೆಲ್ಲ ಹಿಂದಿಕ್ಕಿ ಪ್ರಶಸ್ತಿಯನ್ನು ಗೆದ್ದಿತ್ತು. ಅಂಥವರಿಗೆ, ಇಡೀ ಖಂಡಕ್ಕೆ ಸೇರಿ, ಮಿಕ್ಕುದು ಐದೇ ಸ್ಥಾನ.

ಆ ಧನಿಕ ಕ್ಲಬ್ಬುಗಳ ಅಭಿಮಾನಿಗಳೇ ಬೀದಿಗಿಳಿದು ಪ್ರತಿಭಟಿಸಿದುದು ಸ್ತುತ್ಯವಾದ ಸಂಗತಿ. ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂಜರಿದುವು. ಆದರೆ ಇಂಥ ಕೂಟಗಳನ್ನು ತಡೆಯಲು ಆಡಳಿತ ಸಂಸ್ಥೆಗಳು ಮಾಡಿಕೊಂಡಿದ್ದ ನಿಯಮಗಳು ನ್ಯಾಯವಿರುದ್ಧವೆಂದು ಐರೋಪ್ಯ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. (ಆ ಸಂಸ್ಥೆಗಳೇನೂ ಧನಮೋಹದಿಂದ ದೂರವಾದವಲ್ಲ.) ಆದುದರಿಂದ ಕ್ಲಬ್ಬಿನ ಆಡಳಿತದಲ್ಲಿಯೇ ಅಭಿಮಾನಿಗಳಿಗೆ ಮತವಿರಬೇಕೆಂಬುದು ನಮ್ಮ ಅಭಿಪ್ರಾಯ. ಜರ್ಮನಿಯ ಬಹುತೇಕ ಕ್ಲಬ್ಬುಗಳಲ್ಲಿ ಸದಸ್ಯರಿಗೇ ಬಹುಮತವುಂಟು. ಆ ಹನ್ನೆರಡರಲ್ಲಿ ಜರ್ಮನಿಯದು ಒಂದೂ ಇರಲಿಲ್ಲ.